ದ್ರಾಕ್ಷಿ ಗ್ರೂಪಿನಿಂದ ತಿಳಿದವರ ಎದ್ದು ಹೊಂಟಾರ, ಏನು ಮಾಡ್ಲಿ?

ಬಬಲೇಶ್ವರದಿಂದ ಪ್ರಶ್ನೆ: ದ್ರಾಕ್ಷಿ ಬೆಳೆಗಾರರ ವಾಟ್ಸ್ಆ್ಯಪ್ ಗ್ರೂಪ್ ನಡಸ್ತೀನ್ರಿ. 600 ಮಂದಿ ಅದಾರ. ಮುಂಜಾನೆ ಶುಭೋದಯದ ಫೋಟೋ, ಮಧ್ಯಾಹ್ನ ರಾಜಕೀಯ. ಇಪ್ಪತ್ತು ವರ್ಷ ಬಳ್ಳಿ ನೋಡಿದ ಹಿರಿಯರು ಒಬ್ಬೊಬ್ರ ಬಿಟ್ಟು ಹೊಂಟಾರ. ಹೆಂಗ ಉಳಿಸ್ಕೊಳ್ಳೂದ್ರಿ?

ತಿಕೋಟಾದಿಂದ: ತಮ್ಮಾ, ನಮ್ಮ ಗ್ರೂಪಿನ್ಯಾಗೂ ಹಿಂಗ ಆಗಿತ್ತು. ಬಿಟ್ಟು ಹೋದ ಕಾಕಾ ಒಬ್ಬರ ಮನೀಗೆ ಹೋಗಿ ಕೇಳಿದೆ. ಶುಭೋದಯದ ಮಾತ ಎತ್ತಲಿಲ್ಲ ಅವರು. "ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೂದು) ಆಗಿ ಮಳಿ ಹಿಡದ್ರ ರಾತ್ರಿ ಹನ್ನೊಂದಕ್ಕ ಎಲಿ ಫೋಟೋ ಹಾಕ್ತಾರ, ಏನು ಹೊಡೀಲಿ ಅಂತಾರ. ನಿದ್ದಿಗೆಟ್ಟು ಹೇಳ್ತೀನಿ. ಹೊಡದ್ರೋ ಇಲ್ಲೋ, ಬಳ್ಳಿ ಉಳೀತೋ ಇಲ್ಲೋ, ಒಬ್ಬರೂ ತಿರುಗಿ ಹೇಳೂದಿಲ್ಲ" ಅಂದ್ರು.

ಅವತ್ತಿಂದ ಒಂದು ವಹಿ ಇಟ್ಟೀನಿ. ಯಾರು ಏನು ಕೇಳಿದ್ರು, ಯಾವ ತಾರೀಖು ಅಂತ ಬರಕೊಂಡು, ಎಂಟನೇ ದಿನಕ್ಕ ನಾನ ಫೋನ್ ಹಚ್ಚಿ "ಏನಾತು, ಗ್ರೂಪಿನ್ಯಾಗ ಹಾಕ್ರಿ" ಅಂತೀನಿ. ಮೊದಲನೇ ಹಂಗಾಮು ಬಾಳ ತ್ರಾಸ ಆತು. ಎರಡನೇ ಹಂಗಾಮಿಗೆ ಮಂದಿ ತಾವ ಬರಿಯಾಕ ಹತ್ತಿದ್ರು, ಕಾಕಾನೂ ತಿರುಗಿ ಬಂದ್ರು.

ಕೇಳೂದಕ್ಕೂ ರೀತಿ ಇರಬೇಕು. ಯಾವ ತಳಿ, ಚಾಟ್ನಿ ಆಗಿ ಎಷ್ಟು ದಿನ, ಎಲಿಯ ಎರಡೂ ಮಗ್ಗಲ ಫೋಟೋ. ಡೌನಿ ರೋಗ ಇದ್ರ ಮ್ಯಾಲ ಎಣ್ಣಿ ಬಿದ್ದಂಗ ಹಳದಿ ಕಲೆ, ತೆಳಗ ಬಿಳಿ ಬೂಸ್ಟು ಬರ್ತೈತಿ. ಬರೇ ಮ್ಯಾಲಿನ ಫೋಟೋ ನೋಡಿ ಔಷಧ ಹೇಳಿದ್ರ ತಪ್ಪಾದೀತು. ಉತ್ತರ ಕೊಡೋರೂ ತಾವು ತಮ್ಮ ತ್ವಾಟಕ್ಕ ಹೊಡದಿದ್ದನ್ನಷ್ಟ ಹೇಳಬೇಕು.

ಇನ್ನ, ಯಾರನ್ನೂ ಸಿಟ್ಟಿನ್ಯಾಗ ತಗೀಬ್ಯಾಡ. ರಾಜಕೀಯ ಹಾಕಿದ್ರು ಅಂತ ಒಬ್ಬರನ್ನ ರಾತ್ರೋರಾತ್ರಿ ತಗದೆ. ಮುಂಜಾನೆ ಅವರ ಊರಾಗಿನ ಹನ್ನೊಂದು ಮಂದಿ ಹೊರಗ ಹೋಗಿದ್ರು. ಈಗ ಮೊದಲು ಫೋನ್ ಮಾಡ್ತೀನಿ.

ಇಳಕಲ್ಲಿನಿಂದ: ನಮ್ಮದು ನೇಕಾರ ಹೆಣ್ಮಕ್ಕಳ ಗ್ರೂಪ್ರಿ. ಗದ್ದಲ ಆತಂತ ಅಡ್ಮಿನ್ ಅಷ್ಟ ಬರಿಯೂಹಂಗ ಮಾಡಿದ್ವಿ. ಎರಡು ತಿಂಗಳಾಗ ಗ್ರೂಪ್ ಸತ್ತಂಗ ಆತು. ಈಗ ಮಗ್ಗ ಬಂದಾದ ಮ್ಯಾಲ ಸಂಜಿ ಏಳರಿಂದ ಒಂಬತ್ತರ ತನಕ ಎಲ್ಲಾರಿಗೂ ಬರಿಯಾಕ ಬಿಡ್ತೀವಿ. ಬರಿಯಾಕ ಬಾರದ ಅವ್ವಗಳು ಧ್ವನಿ ಕಳಿಸ್ತಾರ. ಟೋಪ ತೆನಿ, ಅಂದ್ರ ಸೀರಿ ಮೈಯ ಎಳಿಗೆ ಸೆರಗಿನ ಎಳಿ ಜೋಡಸೂದನ್ನ ಅವರಷ್ಟು ಬಿಡಿಸಿ ಹೇಳೋರು ಯಾರೂ ಇಲ್ಲ.

ಜಮಖಂಡಿಯಿಂದ: ಔಷಧ ಮಾರೋರನ್ನ ಹೊರಗ ಹಾಕಬ್ಯಾಡ್ರಿ, ಹೆಸರಿನ ಮುಂದ "ಅಂಗಡಿ" ಅಂತ ಬರಸ್ರಿ. ಮತ್ತ 1,024 ಮಂದಿಗೆ ಜಾಗ ಐತಿ ಅಂತ ತುಂಬಸಬ್ಯಾಡ್ರಿ. ನಾವು ತಾಲೂಕಿಗೊಂದು ಮಾಡಿದ ಮ್ಯಾಲ ಮುಖ ಪರಿಚಯ ಇದ್ದೋರು ಕೂಡಿ ಮಾತು ಹಗರ ಆತು.

ಬಬಲೇಶ್ವರದಿಂದ, ಒಂಬತ್ತು ದಿನದ ಮ್ಯಾಲ: ಅಣ್ಣಾರ, ವಹಿ ಇಟ್ಟೀನಿ. ಹದಿನಾಲ್ಕು ಮಂದಿಗೆ ಫೋನ್ ಮಾಡಿದೆ, ಐದು ಮಂದಿ ಬರದ್ರು. ಬಿಟ್ಟು ಹೋದ ಹಿರಿಯರೊಬ್ಬರ ಮನೀಗೂ ಹೋಗಿದ್ದೆ. ಚಹಾ ಕುಡಿಸಿದ್ರು, ಬರ್ತೀನಿ ಅಂತ ಇನ್ನೂ ಅಂದಿಲ್ಲ. ಐತವಾರ ಮತ್ತ ಹೋಗ್ತೀನಿ.