ಮೂರನೆಯ ಬೋರ್ ಹೊಡೆಸಬೇಕೇ? ಅನುಭವಸ್ಥರು ತಿಳಿಸಿ

ಪ್ರಶ್ನೆ, ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ ದ್ರಾಕ್ಷಿ ಪಡ. 2023ರ ಬರದಲ್ಲಿ ಒಂದು ಬೋರ್ ನಿಂತುಹೋಯಿತು, ಇನ್ನೊಂದು ಬಿಟ್ಟು ಬಿಟ್ಟು ನೀರು ಎತ್ತುತ್ತಿದೆ. 800 ಅಡಿಗೆ ಇಳಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ಸಂಕ್ರಾಂತಿ ದಾಟಿಯೂ ಹರಿಯುತ್ತಿದ್ದ ಪಕ್ಕದ ಹಳ್ಳ ಈಗ ದೀಪಾವಳಿಗೇ ನಿಲ್ಲುತ್ತದೆ. ಇವೆರಡಕ್ಕೂ ಸಂಬಂಧವಿದೆಯೇ?

ಉತ್ತರ, ಬಬಲೇಶ್ವರ ಭಾಗದಿಂದ:
ಸಹೋದರರೇ, ಹಳ್ಳದ್ದೂ ಬೋರಿನದೂ ಒಂದೇ ನೀರು. ಮಳೆಗಾಲ ಮುಗಿದ ಮೇಲೆ ಹಳ್ಳದಲ್ಲಿ ಹರಿಯುವುದು, ಎರಡೂ ಕಡೆಯ ಹೊಲಗಳ ಕೆಳಗೆ ಗರಸಿನಲ್ಲಿಯೂ ಬಿರುಕು ಕಲ್ಲಿನಲ್ಲಿಯೂ ಇಂಗಿ ನಿಂತು, ನಿಧಾನವಾಗಿ ಒಸರುವ ನೀರು. ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿರುವವರೆಗೆ ನೆಲ ಹಳ್ಳಕ್ಕೆ ಕೊಡುತ್ತದೆ. ಕೆಳಗಿಳಿದರೆ ಹಳ್ಳದ ನೀರನ್ನು ನೆಲವೇ ಕುಡಿಯುತ್ತದೆ.

ನಮ್ಮ ಅಜ್ಜನ ಕಾಲದ ಬಾವಿ 60 ಅಡಿ ಆಳದ್ದು. 2001ರಿಂದ ಸತತ ಮೂರು ವರ್ಷ ಬರ ಕಾಡಿದಾಗ ಅಪ್ಪ ಹಗ್ಗಕ್ಕೆ ಕಲ್ಲು ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ, ನಸುಕಿನಲ್ಲಿ ಇಳಿಸಿ ಮಟ್ಟ ನೋಡುತ್ತಿದ್ದರು. ಪಕ್ಕದ ಹೊಲದ ಬೋರಿನ ಮೋಟಾರು ಚಾಲೂ ಆದ ದಿನ ಸಂಜೆಗೆ ಒಂದು ಗಂಟು ಹೆಚ್ಚು ಒಣಗಿರುತ್ತಿತ್ತು. ರಾತ್ರಿಯಿಡೀ ಬಿಟ್ಟರೂ ಇಳಿದದ್ದರಲ್ಲಿ ಅರ್ಧದಷ್ಟೇ ಏರುತ್ತಿತ್ತು. ಸಿಟ್ಟಿನಿಂದ ನಾವೂ 450 ಅಡಿ ಹೊಡೆಸಿದೆವು (ಬರೀ ಅವರನ್ನು ದೂರಿ ಪ್ರಯೋಜನವಿಲ್ಲ). ಮೊದಲ ದಿನ ಎರಡು ಇಂಚು ನೀರು ಬಿತ್ತೆಂದು ಕಾಯಿ ಒಡೆದೆವು. ಎರಡನೆಯ ಬೇಸಿಗೆಗೆ ಪೈಪಿನಲ್ಲಿ ಗಾಳಿಯಷ್ಟೇ ಬಂತು.

ನಮ್ಮ ಜಿಲ್ಲೆಯ ಬಹುಭಾಗದ ಕೆಳಗಿರುವುದು ಲಾವಾ ಪದರ ಪದರವಾಗಿ ಹರಡಿ ಗಟ್ಟಿಯಾದ ಕಪ್ಪು ಶಿಲೆ. ಅದರ ಸವೆದ ಮೇಲ್ಭಾಗದಲ್ಲಿ, ಬಿರುಕುಗಳಲ್ಲಿ ಮತ್ತು ಎರಡು ಪದರಗಳು ಕೂಡುವ ಕಡೆಯಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ. 800 ಅಡಿಯಲ್ಲಿ ಸಿಕ್ಕರೂ ಅದು ಬಹುಕಾಲದಿಂದ ಕೂಡಿದ ನೀರಾಗಿರುವ ಸಂಭವವೇ ಹೆಚ್ಚು, ಒಂದು ಮಳೆಗಾಲಕ್ಕೆ ಮತ್ತೆ ತುಂಬಿಕೊಳ್ಳುವಂಥದ್ದಲ್ಲ. ನಾನಾಗಿದ್ದರೆ ಹೊಡೆಸುತ್ತಿರಲಿಲ್ಲ. ಕಳೆದ ಬರದಲ್ಲಿ ನಾವು ಅರ್ಧ ಪಡಕ್ಕೆ ಅಕ್ಟೋಬರ್ ಚಾಟ್ನಿಯನ್ನೇ (ಹಣ್ಣಿಗಾಗಿ ಬಳ್ಳಿ ಸವರುವುದನ್ನು) ಬಿಟ್ಟು, ಬಳ್ಳಿ ಸಾಯದಷ್ಟು ಮಾತ್ರ ನೀರು ಹನಿಸಿದೆವು. ಆ ವರ್ಷದ ಹಣ್ಣು ಹೋಯಿತು, ಪಡ ಉಳಿಯಿತು.

ಉತ್ತರ, ಅಥಣಿಯಿಂದ:
ದೊಡ್ಡ ಹೊಳೆಯ ದಂಡೆಯಲ್ಲಿದ್ದವರಿಗೆ ಈ ಚಿಂತೆ ಇಲ್ಲವೆಂದು ತಿಳಿಯಬೇಡಿ. 2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾ ಜಲಾಶಯದಿಂದ ನೀರು ಬಿಡಿಸಿರೆಂದು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ಆಗಸ್ಟ್‌ನಲ್ಲಿ ಪ್ರವಾಹ ಬಂದು ನಮ್ಮ ಕಬ್ಬು ಮುಳುಗಿತು. ಆ ಪ್ರವಾಹದಿಂದ ದಂಡೆಯ ಬಾವಿಗಳು ತುಂಬಿದವು, ಆದರೆ ಎರಡು ಮೈಲು ಒಳಗಿದ್ದ ನಮ್ಮ ಭಾವನವರ ಬೋರ್ ಚೇತರಿಸಿಕೊಳ್ಳಲು ಮುಂದಿನ ಮಳೆಗಾಲವೂ ಬೇಕಾಯಿತು. ಬರದ ನಂತರ ಬೀಳುವ ಮೊದಲ ಮಳೆಗಳನ್ನು ಕೈ ತೂರುವಷ್ಟು ಬಾಯಿಬಿಟ್ಟ ಎರಿ (ಕಪ್ಪು ಮಣ್ಣಿನ) ಹೊಲವೇ ಹೀರಿಕೊಳ್ಳುತ್ತದೆ. ಅದು ತಣಿದ ಮೇಲೆ ಕೆಳಗಿನ ಕಲ್ಲಿಗೆ ಪಾಲು, ಆಮೇಲೆ ಹಳ್ಳಕ್ಕೆ. ಆದ್ದರಿಂದ ಒಂದು ಒಳ್ಳೆಯ ಮಳೆಗಾಲ ನೋಡಿ ಹೊಸ ನಾಟಿಗೆ ಸಾಲ ಮಾಡಬೇಡಿ.

ಉತ್ತರ, ತಿಕೋಟಾ ಭಾಗದಿಂದಲೇ:
ನಮ್ಮ ಊರಿನ ಕೆರೆಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಿಟ್ಟ ಮೇಲೆ ಕೆರೆಯ ಕೆಳಗಿನ ಬಾವಿಗಳಲ್ಲಿ ಮತ್ತೆ ಒರತೆ ಕಾಣಿಸಿಕೊಂಡಿತು. ಹೊಳೆಯಲ್ಲೇ ನೀರಿಲ್ಲದ ವರ್ಷ ಕೆರೆಗೂ ಬರಲಿಲ್ಲ ಎನ್ನುವುದು ಬೇರೆ ಮಾತು. ತಮ್ಮಲ್ಲಿ ಹಳೆಯ ತೆರೆದ ಬಾವಿ ಇದ್ದರೆ ಹೂಳು ತೆಗೆಸಿ, ಹೊಲದ ಮಳೆನೀರನ್ನು ಅದಕ್ಕೆ ತಿರುಗಿಸಿ. ನೇರವಾಗಿ ಬಿಡದೆ, ಬಾಯಿಗೆ ಮುನ್ನ ಒಂದು ಗುಂಡಿ ತೋಡಿ ದಪ್ಪ ಕಲ್ಲು, ಸಣ್ಣ ಕಡಿ, ಮರಳು ತುಂಬಿ ಸೋಸಿಯೇ ಒಳಗೆ ಬಿಡಬೇಕು. ಔಷಧಿ ಹೊಡೆದ ಪಡದ ನೀರನ್ನಂತೂ ಕುಡಿಯುವ ಬಾವಿಗೆ ಸೇರಿಸಲೇಬಾರದು. ಎರಿ ಮಣ್ಣಿನ ರಾಡಿ ಮರಳಿನ ಮೇಲೆ ತೊಗಲಿನಂತೆ ಕೂಡುತ್ತದೆ. ಪ್ರತಿ ವರ್ಷ ಮೃಗಶಿರಾ ಮಳೆಗೆ ಮುನ್ನ ಅದನ್ನು ಕೆರೆದು ತೆಗೆಯಿರಿ. ನಾವು ಒಂದು ವರ್ಷ ಮರೆತೆವು, ಬಂದ ನೀರೆಲ್ಲ ಗುಂಡಿಯ ಮೇಲಿಂದಲೇ ಹಳ್ಳಕ್ಕೆ ಹೋಯಿತು.