ಬೈಕು, ಕ್ಯಾಮೆರಾ, ಊರ ಕೆಲಸ: ಮೂರಕ್ಕೂ ಇರುವುದು ಒಂದೇ ಭಾನುವಾರ

ಬೆಳಕಿನ ದಾರಿ:
ಎಲ್ಲರಿಗೂ ನಮಸ್ಕಾರ. ಸಣ್ಣ ಊರಲ್ಲಿದ್ದುಕೊಂಡು ಬೈಕ್ ಓಡಿಸುವವರು, ಫೋಟೋ ತೆಗೆಯುವವರು ಇಲ್ಲಿ ತುಂಬ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನನಗೆ ಮೂರು ವಿಷಯ ಬಿಡಲಾಗದವು. ಬೆಳಗ್ಗೆ ಎದ್ದು ಬೈಕ್ ತೆಗೆದು ಹೊರಟುಬಿಡುವುದು ಒಂದು. ಹೋದಲ್ಲಿ ಫೋಟೋ ತೆಗೆಯುವುದು ಇನ್ನೊಂದು. ಮೂರನೆಯದು ಊರಿನ ಕೆಲಸ, ಅಂದ್ರೆ ಗ್ರಂಥಾಲಯದ ಸಮಿತಿ, ರಕ್ತದಾನ ಶಿಬಿರ, ಗಿಡ ನೆಡುವುದು, ಇಂಥವು.

ಸಣ್ಣ ಊರಲ್ಲಿ ಕೈಜೋಡಿಸುವವರೇ ಕಡಿಮೆ. ಒಮ್ಮೆ ಹೂಂ ಅಂದರೆ ಮುಂದಿನದಕ್ಕೆಲ್ಲ ನಮ್ಮನ್ನೇ ಕರೆಯುತ್ತಾರೆ. ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ, ಯಾಕಂದ್ರೆ ಆ ಕೆಲಸ ನನಗೂ ಬೇಕು. ಆದರೆ ಈಗೀಗ ರೈಡ್ ಹೋದಾಗ ಫೋಟೋಗೆ ನಿಲ್ಲಲಾ ಬೇಡವಾ ಅನ್ನುವ ಗಡಿಬಿಡಿ, ನಿಂತರೆ ಹತ್ತು ಗಂಟೆಗೆ ಸಭೆ ಇದೆ ಅನ್ನುವ ಧಾವಂತ, ಸಭೆಗೆ ಹೋದರೆ "ಹೇಗೂ ಕ್ಯಾಮೆರಾ ಇದೆಯಲ್ಲ, ನಾಲ್ಕು ಫೋಟೋ ಹೊಡಿ" ಅಂತಾರೆ, ಅಲ್ಲಿಗೆ ಮಾತುಕತೆಯಲ್ಲೂ ನಾನಿಲ್ಲ. ಒಂದನ್ನು ಬಿಡಿ ಅನ್ನುವ ಸಲಹೆ ಬೇಡ. ಮೂರನ್ನೂ ಇಟ್ಟುಕೊಂಡು ನೆಮ್ಮದಿಯಾಗಿರುವವರು ಹೇಗೆ ಮಾಡುತ್ತಿದ್ದೀರಿ?

ಎರಡು ಚಕ್ರ:
ನಿಮ್ಮ ತೊಂದರೆ ಸಮಯದ್ದಲ್ಲ, ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮಾಡುವುದರದ್ದು ಅಂತ ನನಗನ್ನಿಸುತ್ತದೆ. ರೈಡ್ ಅಂದ್ರೆ ರೈಡ್, ಫೋಟೋ ಅಂದ್ರೆ ಫೋಟೋ. ಬೈಕ್ ಮೇಲೆ ಕೂತು ಕಣ್ಣು ಚಿತ್ರ ಹುಡುಕುತ್ತಿದ್ದರೆ ಅದು ಅಪಾಯ ಕೂಡ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೀರಿ. ಪಕ್ಕದ ಗದ್ದೆಯ ಮೇಲೆ ಬಿದ್ದ ಬೆಳಕನ್ನು ಎರಡು ಸೆಕೆಂಡ್ ನೋಡಿದರೆ ಮೂವತ್ತು ಮೀಟರಿಗಿಂತ ಜಾಸ್ತಿ ದಾರಿ ನೋಡದೇ ದಾಟಿದ ಹಾಗೆ.

ನಾನು ಮಾಡುವುದು ಇಷ್ಟು. ಫೋಟೋಗೆ ಹೋಗುವ ದಿನ ಜಾಗ ಮೊದಲೇ ಗೊತ್ತಿರಬೇಕು, ಹತ್ತಿರದ್ದಾಗಿರಬೇಕು. ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಮೇಲೇರುವವರೆಗೆ ಮಾತ್ರ ಆ ಮೆದು, ಬೆಚ್ಚನೆಯ ಬೆಳಕು ಇರುತ್ತದೆ. ಭೂಮಧ್ಯರೇಖೆಯ ಹತ್ತಿರದ ಜಾಗಗಳಲ್ಲಿ ಸೂರ್ಯ ನೆಟ್ಟಗೆ ಏರುವುದರಿಂದ ಅದು ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ, ಉತ್ತರಕ್ಕೋ ದಕ್ಷಿಣಕ್ಕೋ ದೂರ ಹೋದಷ್ಟೂ ಓರೆಯಾಗಿ ಏರುತ್ತಾನೆ, ಬೆಳಕೂ ಉದ್ದವಾಗುತ್ತದೆ. ಹಾಗಾಗಿ ಕತ್ತಲೆಯಲ್ಲಿ ನೂರು ಕಿಲೋಮೀಟರ್ ಓಡಿಸಿ ಬೆಳಕನ್ನು ಹಿಡಿಯುತ್ತೇನೆ ಅನ್ನುವುದು ಸುಮ್ನೆ ಆಯಾಸ. ಹತ್ತಿರದಲ್ಲಿ ಫೋಟೋ ಮುಗಿಸಿ, ಕ್ಯಾಮೆರಾ ಬ್ಯಾಗಿಗೆ ಹಾಕಿ, ಆಮೇಲೆ ಮನಸಾರೆ ಓಡಿಸಿ. ಆಮೇಲೆ ಎಷ್ಟೇ ಚೆನ್ನಾಗಿರುವುದು ಕಂಡರೂ ನಿಲ್ಲಬೇಡಿ. ಅದರಲ್ಲೂ ತಿರುವಿನಲ್ಲಿ ನಿಲ್ಲಲೇಬೇಡಿ, ಹಿಂದಿನಿಂದ ಬರುವವರಿಗೆ ನೀವು ಕಾಣಿಸುವುದಿಲ್ಲ.

ಕಪ್ಪು ಬಿಳುಪು:
ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಕಂಡದ್ದನ್ನು ಬಿಟ್ಟುಬಂದರೆ ನನಗೆ ಆ ದಿನವೇ ಹೋಯಿತು. ನಾನು ನಿಲ್ಲುತ್ತೇನೆ, ಆದರೆ ಸುರಕ್ಷಿತವಾದ ಜಾಗ ಸಿಗುವ ತನಕ ಮುಂದೆ ಹೋಗಿ ಅಲ್ಲಿಂದ ನಡೆದುಕೊಂಡು ವಾಪಸ್ ಬರುತ್ತೇನೆ. ಅಷ್ಟು ನಡೆಯಲು ಮನಸ್ಸಿಲ್ಲ ಅಂದ್ರೆ ಆ ಫೋಟೋ ಅಷ್ಟೇನೂ ಬೇಕಿರಲಿಲ್ಲ ಅಂತ ಲೆಕ್ಕ.

ಸಾಮಾನು ಕಡಿಮೆ ಮಾಡಿ. ಒಂದು ಕ್ಯಾಮೆರಾ, ಒಂದು 35 ಎಂಎಂ ಅಥವಾ 50 ಎಂಎಂ ಲೆನ್ಸ್ ಸಾಕು. ಲೆನ್ಸ್ ಬದಲಾಯಿಸುವ ಗೋಜಿಲ್ಲ, ಧೂಳೂ ಒಳಗೆ ಹೋಗುವುದಿಲ್ಲ. ಗಟ್ಟಿ ಪೆಟ್ಟಿಗೆಯಲ್ಲಿ ಹಾಗೇ ಇಟ್ಟರೆ ಎಂಜಿನ್ನಿನ ಅದುರು ನೇರ ಕ್ಯಾಮೆರಾಗೆ ಹೋಗುತ್ತದೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಕಟ್ಟುವ ದಪ್ಪ ಸ್ಪಂಜಿನ ಟ್ಯಾಂಕ್ ಬ್ಯಾಗ್ ವಾಸಿ. ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸುವವರೂ ಹುಷಾರು. ದೊಡ್ಡ ಎಂಜಿನ್ನಿನ ಬೈಕುಗಳ ಜೋರು ಅದುರಿಗೆ ಐಫೋನ್ ಕ್ಯಾಮೆರಾದ ಸ್ಥಿರೀಕರಣ (ಕೈ ಅಲುಗಿದರೂ ಚಿತ್ರ ಮಸುಕಾಗದಂತೆ ತಡೆಯುವುದು) ಮತ್ತು ಫೋಕಸ್ ವ್ಯವಸ್ಥೆ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು.

ಇನ್ನು ಊರಿನ ವಿಷಯ. ಅಮೆರಿಕದ ಬಫೆಲೊದಲ್ಲಿ ಮಿಲ್ಟನ್ ರೊಗೊವಿನ್ ಅಂತ ಒಬ್ಬರಿದ್ದರು, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು ಅವರ ಕಸುಬು. 1972ರಲ್ಲಿ ಅಲ್ಲಿನ ಒಂದು ಬಡ ಬಡಾವಣೆಯ ಜನರ ಫೋಟೋ ತೆಗೆಯಲು ಶುರು ಮಾಡಿದರು. ಅದೇ ಜನರನ್ನು 80ರ ದಶಕದಲ್ಲಿ, 90ರ ದಶಕದಲ್ಲಿ, 2000ದ ನಂತರವೂ ಹುಡುಕಿಕೊಂಡು ಹೋಗಿ ಮತ್ತೆ ತೆಗೆದರು. ಫೋಟೋ ತೆಗೆಸಿಕೊಂಡವರಿಗೆ ಪ್ರಿಂಟ್ ಕೊಡುತ್ತಿದ್ದರು. ದೂರ ಹೋದರೆ ಮಾತ್ರ ಫೋಟೋ ಅನ್ನುವುದನ್ನು ನಾನು ಕೈಬಿಟ್ಟಿದ್ದು ಅವರ ಕೆಲಸ ನೋಡಿದ ಮೇಲೆ. ಬೈಕು ದೂರಕ್ಕಿರಲಿ, ಕ್ಯಾಮೆರಾ ಊರಿಗಿರಲಿ. ಹೀಗಾದರೆ ನಿಮ್ಮ ಮೂರು ಎರಡಾಗುತ್ತವೆ, ಅಲ್ವಾ?

ನೆರೆಹೊರೆ:
ಕ್ಯಾಮೆರಾ ಊರಿಗಿರಲಿ ಅನ್ನುವುದು ಕೇಳಲು ಚೆಂದ. ಆದರೆ ಪ್ರಶ್ನೆ ಕೇಳಿದವರ ಸಂಕಟ ಇರುವುದೇ ಅಲ್ಲಿ. ಫೋಟೋ ತೆಗೆಯುವವರನ್ನು ಯಾರೂ ಕುರ್ಚಿ ಹಾಕಿ ಕೂರಿಸಿಕೊಂಡು ಅಭಿಪ್ರಾಯ ಕೇಳುವುದಿಲ್ಲ. ಕ್ಯಾಮೆರಾ ಕೈಯಲ್ಲಿದ್ದರೆ ನೀವು ಕಾರ್ಯಕ್ರಮದ ಹೊರಗೆ.

ಅದಕ್ಕೇ ಮೊದಲೇ ಹೇಳಿಬಿಡಿ. "ಈ ಸಲ ನಾನು ಫೋಟೋಗೆ" ಅಥವಾ "ಈ ಸಲ ನಾನು ಕೆಲಸಕ್ಕೆ, ಕ್ಯಾಮೆರಾ ಮನೆಯಲ್ಲೇ". ಎರಡೂ ಒಂದೇ ದಿನ ಬೇಡ. ಇನ್ನೊಂದು, ಊರಿನ ಹತ್ತು ಕೆಲಸಕ್ಕೆ ಅರ್ಧಂಬರ್ಧ ಹೋಗುವುದಕ್ಕಿಂತ ಒಂದನ್ನು ಪೂರ್ತಿ ಹೊತ್ತುಕೊಳ್ಳಿ. ನೀವು ಗ್ರಂಥಾಲಯದವರು ಅಂತ ಎಲ್ಲರಿಗೂ ಗೊತ್ತಾದರೆ ಉಳಿದದ್ದಕ್ಕೆ ಇಲ್ಲ ಅಂದಾಗ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಭೆಯ ದಿನ ಮೊದಲೇ ಗೊತ್ತಿರುತ್ತದೆ, ಆ ದಿನ ರೈಡ್ ಇಟ್ಟುಕೊಳ್ಳಲೇಬೇಡಿ. ರಸ್ತೆ ಇವತ್ತಲ್ಲದಿದ್ದರೆ ಮುಂದಿನ ವಾರವೂ ಇರುತ್ತದೆ, ಸಭೆಗೆ ಬಂದು ಕಾಯುತ್ತಿರುವ ಹತ್ತು ಜನ ಇರುವುದಿಲ್ಲ.

ಮತ್ತೆ, ರಕ್ತದಾನ ಅಂದಿರಲ್ಲ. ರಕ್ತ ಕೊಟ್ಟ ದಿನ ದಯವಿಟ್ಟು ಬೈಕ್ ಹತ್ತಿ ದೂರ ಹೋಗಬೇಡಿ. ಕಡಿಮೆಯಾದ ದ್ರವಾಂಶ ತುಂಬಿಕೊಳ್ಳಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ತಲೆ ಸುತ್ತಿದರೂ ಸುತ್ತಬಹುದು. ನಾಲ್ಕು ಚಕ್ರದಲ್ಲಿ ಪಕ್ಕಕ್ಕೆ ನಿಲ್ಲಿಸಬಹುದು, ಎರಡು ಚಕ್ರದಲ್ಲಿ ಅಷ್ಟು ಸಮಯ ಸಿಗುವುದಿಲ್ಲ.

ಬೆಳಕಿನ ದಾರಿ:
ಎಲ್ಲರಿಗೂ ಥ್ಯಾಂಕ್ಸ್. ಕ್ಯಾಮೆರಾ ಮನೆಯಲ್ಲೇ ಬಿಡುವ ಮಾತು ಕಷ್ಟ, ಆದರೂ ಸರಿ ಅನ್ನಿಸುತ್ತಿದೆ. ಗ್ರಂಥಾಲಯ ಒಂದನ್ನೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಕೇಳಬೇಕಿತ್ತು. ಕಾರ್ಯಕ್ರಮಗಳ ಫೋಟೋ ಹಾರ್ಡ್ ಡಿಸ್ಕಿನಲ್ಲಿ ರಾಶಿ ಬಿದ್ದಿದೆ. ಎಲ್ಲರೂ ಕೇಳುತ್ತಾರೆ, ಕಳಿಸಲು ಕೂತರೆ ಒಂದು ಭಾನುವಾರ ಅಲ್ಲೇ ಹೋಗುತ್ತದೆ.

ಕಪ್ಪು ಬಿಳುಪು:
ಎಲ್ಲವನ್ನೂ ಕಳಿಸಬೇಡಿ. ಅವತ್ತೇ ರಾತ್ರಿ ಕೂತು ಇಪ್ಪತ್ತು ಆರಿಸಿ ಕೊಟ್ಟುಬಿಡಿ, ತಡವಾದಷ್ಟೂ ನೋಡುವ ಆಸೆ ಅವರಿಗೂ ಹೋಗುತ್ತದೆ, ನಿಮಗೂ ಹೋಗುತ್ತದೆ. ಮಕ್ಕಳ ಮುಖ ಇದ್ದರೆ ಹೆತ್ತವರನ್ನು ಕೇಳದೆ ಎಲ್ಲೂ ಹಾಕಬೇಡಿ. ಇಡುವ ವಿಷಯಕ್ಕೆ ಬಂದರೆ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯ ಹೊರಗೆ ಎಲ್ಲಾದರೂ.

ಹೇಗೂ ಗ್ರಂಥಾಲಯದಲ್ಲಿ ಇದ್ದೀರಿ. ಆ ಹೊರಗಿನ ಪ್ರತಿ ಅಲ್ಲೇ ಇರಲಿ. ಪ್ರತಿ ಫೋಟೋದ ಜೊತೆ ತಾರೀಕು, ಜಾಗ, ಎಡದಿಂದ ಬಲಕ್ಕೆ ಯಾರ್ಯಾರು ನಿಂತಿದ್ದಾರೆ ಅಂತ ಬರೆದಿಡಿ. ಹಳಬರನ್ನು ಕೂರಿಸಿಕೊಂಡು ಕೇಳಿದರೆ ಹೆಸರು ಹೇಳುತ್ತಾರೆ, ಅವರಿರುವಾಗಲೇ ಇದು ಆಗಬೇಕು.