ದವಾಖಾನೆ ಚೀಟಿಗೆ ರೊಕ್ಕ: ಸೋಮವಾರ ಯಾರ್ಯಾರು ಬರುತ್ತೀರಿ?

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಬಡಾವಣೆ ಹತ್ತಿರದ ಸರಕಾರಿ ದವಾಖಾನೆಯಲ್ಲಿ ಈ ತಿಂಗಳಿಂದ ಚೀಟಿಗೆ, ಶುಗರ್ ಟೆಸ್ಟಿಗೆ, ಡ್ರೆಸ್ಸಿಂಗಿಗೆ ರೊಕ್ಕ ಕೇಳುತ್ತಿದ್ದಾರೆ. ದರದ ಬೋರ್ಡ್ ಇಲ್ಲ. ರಸೀದಿ ಕೇಳಿದರೆ ‘ನಾಳೆ ಬರ್ರಿ’ ಅನ್ನುತ್ತಾರೆ. ಏನು ಮಾಡೋಣ?

ಮೂಲೆ ಮನೆ ಗೌಡರು: 10-20 ರೂಪಾಯಿಗೆ ಇಷ್ಟು ಗದ್ದಲ ಯಾಕ್ರಿ? ಪುಕ್ಕಟೆ ಅಂದರೆ ನೆಗಡಿಗೂ ಪಾಳಿ ಹಚ್ಚುತ್ತಾರೆ. ಸ್ವಲ್ಪ ರೊಕ್ಕ ಇಟ್ಟರೆ ಮಂದಿ ಕಡಿಮೆ ಆಗುತ್ತದೆ.

ನರ್ಸ್ ಅಕ್ಕ (ನಿವೃತ್ತ): ಗೌಡ್ರೇ, ಕಡಿಮೆ ಆಗುವುದು ಖರೆ. ಯಾರು ಕಡಿಮೆ ಆಗುತ್ತಾರೆ ನೋಡ್ರಿ. ನೆಗಡಿ, ಜ್ವರದವರು ಹೇಗೂ ಬರುತ್ತಾರೆ, ಮೈಯಲ್ಲಿ ತ್ರಾಸು ಇರುತ್ತದೆ. ಬಿಪಿ, ಶುಗರ್ ಇದ್ದವರಿಗೆ ಎಷ್ಟೋ ಸಲ ಏನೂ ಗೊತ್ತೇ ಆಗುವುದಿಲ್ಲ. ‘ಮುಂದಿನ ವಾರ ಹೋದರಾಯ್ತು’ ಅಂತ ಅವರೇ ಮೊದಲು ಗುಳಿಗೆ ಬಿಡುತ್ತಾರೆ. ಆಮೇಲೆ ಲಕ್ವ ಹೊಡೆದು ಬರುತ್ತಾರೆ. ಕೂಲಿಯವರಿಗೆ ಚೀಟಿ ರೊಕ್ಕದ ಜೊತೆ ಆ ದಿನದ ಪಗಾರವೂ ಹೋಗುತ್ತದೆ. ಆಟೋ ಖರ್ಚು ಬೇರೆ.

ಮಾಸ್ತರ್: ಅಕ್ಕ ಹೇಳಿದ್ದನ್ನೇ ಅಮೆರಿಕದಲ್ಲಿ ರ‍್ಯಾಂಡ್ ಸಂಸ್ಥೆಯವರು 1974ರಿಂದ 1982ರವರೆಗೆ ಅಳೆದು ನೋಡಿದರು. ಕೆಲವು ಕುಟುಂಬಗಳಿಗೆ ಪೂರ್ತಿ ಉಚಿತ, ಉಳಿದವರಿಗೆ ಖರ್ಚಿನಲ್ಲಿ ಒಂದು ಪಾಲು ತಾವೇ ಕೊಡಬೇಕಾದ ವಿಮೆ. ರೊಕ್ಕ ಕೊಡಬೇಕಾದವರು ಬೇಡದ ಚಿಕಿತ್ಸೆಯನ್ನೂ ಬಿಟ್ಟರು, ಬೇಕಾದ ಚಿಕಿತ್ಸೆಯನ್ನೂ ಬಿಟ್ಟರು. ಬಿಪಿ ಇದ್ದ ಬಡವರಿಗೆ ಉಚಿತ ಸಿಕ್ಕಾಗಲೇ ಬಿಪಿ ಚೆನ್ನಾಗಿ ಹಿಡಿತಕ್ಕೆ ಬಂತು. ಬ್ರಿಟನ್ನಿನಲ್ಲಂತೂ 1951ರಲ್ಲಿ ಕಟ್ಟಿಸುವ ಹಲ್ಲಿಗೆ, ಕನ್ನಡಕಕ್ಕೆ ದರ ಹಾಕಲು ಹೊರಟಾಗ ಅನೂರಿನ್ ಬೆವನ್ ಮಂತ್ರಿಗಿರಿಯನ್ನೇ ಬಿಟ್ಟರು. ಅಲ್ಲಿ ಉಚಿತ ಆರೋಗ್ಯ ಸೇವೆ ಕಟ್ಟಿದವರೇ ಅವರು.

ಗೌಡರು: ಮಾಸ್ತರ್, ಬ್ರಿಟನ್ ಬಿಡ್ರಿ. ದವಾಖಾನೆಗೆ ಫಿನೈಲ್, ಹತ್ತಿ ಯಾರು ತರಬೇಕು?

ಬ್ಯಾಂಕ್ ಕಾಕಾ: ಅದಕ್ಕೇ ದವಾಖಾನೆಗೊಂದು ಆರೋಗ್ಯ ರಕ್ಷಾ ಸಮಿತಿ ಇರುವುದು. ವಸೂಲಾದ ರೊಕ್ಕ ಸಮಿತಿ ಖಾತೆಗೆ ಹೋಗಬೇಕು, ಅಲ್ಲೇ ಖರ್ಚಾಗಬೇಕು. ರಸೀದಿ ಇಲ್ಲ ಅಂದಮೇಲೆ ಖಾತೆಗೆ ಏನು ಬೀಳುತ್ತದೆ? ಅದನ್ನು ಮೊದಲು ಕೇಳೋಣ.

3ನೇ ಕ್ರಾಸ್ ಹುಡುಗ: ಪಿಪಿಪಿ (ಸರಕಾರ-ಖಾಸಗಿ ಪಾಲುದಾರಿಕೆ) ಬೇಡ, ಸರಕಾರಿ ಮೆಡಿಕಲ್ ಕಾಲೇಜೇ ಬೇಕು ಅಂತ 2025ರಲ್ಲಿ ಧರಣಿ ಕೂತ ವಿಜಯಪುರ ಇದು. ಇಲ್ಲಿ ಸುಮ್ನೆ ಕೂರುತ್ತೇವಾ? 😀

ನರ್ಸ್ ಅಕ್ಕ: ಇನ್ನೊಂದು. ಬಾಣಂತಿಯರ ಹತ್ತಿರ ಯಾರಾದರೂ ಕೇಳಿದರೆ ತಕ್ಷಣ ಇಲ್ಲೇ ಬರೆಯಿರಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಸರಕಾರಿ ದವಾಖಾನೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಊಟ ಎಲ್ಲ ಉಚಿತ. ಟಿಬಿ ಗುಳಿಗೆಗೂ ಒಂದು ಪೈಸೆ ಇಲ್ಲ.

ಕಾರ್ಯದರ್ಶಿ: ಸರಿ. ಸಮಿತಿಯ ಠರಾವು, ದರಪಟ್ಟಿ, ಜಮಾ-ಖರ್ಚು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. 10 ರೂಪಾಯಿ ಫೀ, 30 ದಿನದಲ್ಲಿ ಉತ್ತರ ಕೊಡಬೇಕು. ಕಾಕಾ ಬರೆಯಲಿ, 150 ಶಬ್ದ ದಾಟಬಾರದು. ಸೋಮವಾರ 11ಕ್ಕೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮನವಿ: ದರ ಹಿಂದಕ್ಕೆ ಪಡೆಯಿರಿ, ಅಲ್ಲಿಯವರೆಗೆ ಬೋರ್ಡ್ ಹಾಕಿ, ರಸೀದಿ ಕೊಡಿ.

ಗೌಡರು: ಬೋರ್ಡ್, ರಸೀದಿಗೆ ನನ್ನ ಸಹಿ ಹಾಕ್ರಿ. ದರ ಹಿಂದಕ್ಕೆ ಅನ್ನುವುದಕ್ಕೆ ಬೇಡ.

ಬ್ಯಾಂಕ್ ಕಾಕಾ: ಹಾಗಾದರೆ ಎರಡು ಮನವಿ ಮಾಡೋಣ. ಗೌಡ್ರೇ, ಗಾಡಿ ನಿಮ್ಮದೇ ತರ್ರಿ, ನಾಲ್ಕು ಮಂದಿ ಹಿಡಿಸುತ್ತದೆ.